ಕಿಟಕಿ ತೆಗೆಯಬೇಕಾ, ಮುಚ್ಚಬೇಕಾ? ಅಸ್ತಮಾ ಇರುವ ಮಗುವಿನ ಮನೆಗೆ ಗಾಳಿಯ ಲೆಕ್ಕ

ಪ್ರಶ್ನೆ: ನಮ್ಮ ಮಗನಿಗೆ ಎಂಟು ವರ್ಷ. ಅಸ್ತಮಾ ಇದೆ. ಟೆಸ್ಟ್ ಮಾಡಿಸಿದಾಗ ಧೂಳಿನ ಹುಳ ಮತ್ತು ಜಿರಳೆಗೆ ಅಲರ್ಜಿ ಅಂತ ಬಂತು. ಇನ್‌ಹೇಲರ್ ಕೊಡುತ್ತಿದ್ದೇವೆ. ಬೆಂಗಳೂರಿನಲ್ಲಿ ಬಾಡಿಗೆ ಫ್ಲಾಟ್, ಒಂದನೇ ಮಹಡಿ, ಎರಡು ಬೆಡ್‌ರೂಮ್. ಒಂದು ಪಕ್ಕ ಖಾಲಿ ಸೈಟು, ಮುಂದೆ ಬಸ್ ಓಡಾಡುವ ರಸ್ತೆ. ಸೊಳ್ಳೆ, ಧೂಳು ಅಂತ ಕಿಟಕಿ ಮುಚ್ಚಿಯೇ ಇಡುತ್ತೇವೆ. ಆದರೂ ಬೆಳಗಿನ ಜಾವ ಕೆಮ್ಮು, ಉಬ್ಬಸ. ಮಳೆಗಾಲದಲ್ಲಿ ಬೀರುವಿನ ಹಿಂದಿನ ಗೋಡೆಗೆ ಬೂಸ್ಟು ಹಿಡಿಯುತ್ತದೆ. ಮನೆಯಲ್ಲಿ ಗಾಳಿ ಚೆನ್ನಾಗಿ ಆಡಬೇಕು ಅಂದರು ಡಾಕ್ಟರ್. ಥಂಡಿ ಗಾಳಿ ಬಿಡಬೇಡಿ ಅನ್ನುತ್ತಾರೆ ಅತ್ತೆ. ಏರ್ ಪ್ಯೂರಿಫೈಯರ್ ತರೋಣ ಅನ್ನುತ್ತಾರೆ ನಮ್ಮ ಯಜಮಾನರು. ಯಾರ ಮಾತು ಕೇಳಲಿ? ಸಾಗರದ ಹತ್ತಿರ ನಮ್ಮ ಊರು. ಅಲ್ಲಿಗೆ ಹೋದಾಗಲೂ ಒಮ್ಮೊಮ್ಮೆ ಜಾಸ್ತಿ ಆಗುತ್ತದೆ.

ಉತ್ತರ: ಕಿಟಕಿ ತೆಗೆಯಲೇಬೇಕು. ಆದರೆ ಯಾವ ಕಿಟಕಿ, ಯಾವ ಹೊತ್ತಿಗೆ, ಒಳಗೆ ಬಂದ ಗಾಳಿ ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಅನ್ನುವುದನ್ನು ನೋಡದೆ ಸುಮ್ನೆ ತೆಗೆದರೆ ಅರ್ಧ ಲಾಭವೂ ಸಿಗುವುದಿಲ್ಲ. ಅದಕ್ಕಿಂತ ಮೊದಲು ಇನ್ನೊಂದು ಕೆಲಸ ಇದೆ. ಮನೆಯೊಳಗೇ ಹುಟ್ಟುತ್ತಿರುವ ಹೊಗೆ, ತೇವ, ಘಾಟು ಇವನ್ನು ಹುಟ್ಟುವ ಜಾಗದಲ್ಲೇ ಹಿಡಿಯಬೇಕು. ಒಳಗೆ ಸೊಳ್ಳೆ ಬತ್ತಿ ಉರಿಯುತ್ತಿರುವಾಗ ಎಷ್ಟು ಕಿಟಕಿ ತೆಗೆದರೂ ಮಗುವಿನ ಎದೆಗೆ ನೆಮ್ಮದಿ ಇಲ್ಲ. ನಾನು ಮನೆಗಳ ಗಾಳಿ ಬೆಳಕಿನ ಕೆಲಸ ಮಾಡುವವನು, ಡಾಕ್ಟರ್ ಅಲ್ಲ. ಔಷಧಿಯ ಮಾತು ನಿಮ್ಮ ಡಾಕ್ಟರದು. ಮನೆಯ ಮಾತು ಮಾತ್ರ ನನ್ನದು, ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮುಚ್ಚಿದ ಕೋಣೆಯೊಳಗೆ ರಾತ್ರಿ ಏನಾಗುತ್ತದೆ ಅನ್ನುವುದನ್ನು ಮೊದಲು ನೋಡೋಣ. ನೀವು ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತೀರಿ ಅಂದುಕೊಳ್ಳುತ್ತೇನೆ. ಎಂಟು ಗಂಟೆ ನಿದ್ದೆಯಲ್ಲಿ ಉಸಿರು ಮತ್ತು ಬೆವರಿನಿಂದ ಮೂವರೂ ಸೇರಿ ಮುಕ್ಕಾಲರಿಂದ ಒಂದು ಲೀಟರ್ ನೀರನ್ನು ಗಾಳಿಗೆ ಬಿಟ್ಟಿರುತ್ತೀರಿ. ಆ ನೀರು ಹೋಗುವುದೆಲ್ಲಿಗೆ? ಹಾಸಿಗೆಗೆ, ದಿಂಬಿಗೆ, ಪರದೆಗೆ, ಬೀರುವಿನ ಹಿಂದಿನ ತಣ್ಣನೆ ಗೋಡೆಗೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ, ಇರುತ್ತದೆ. ಎಲ್ಲ ಮುಚ್ಚಿ ಮೂವರು ಮಲಗಿದ ಕೋಣೆಯಲ್ಲಿ ಬೆಳಗ್ಗೆ ಅಳೆದರೆ 2000 ದಾಟುವುದು ಮಾಮೂಲು. ಡೈಆಕ್ಸೈಡ್‌ನಿಂದಲೇ ಉಬ್ಬಸ ಬರುವುದಿಲ್ಲ. ರಾತ್ರಿಯಿಡೀ ಕೋಣೆಯ ಗಾಳಿ ಬದಲಾಗಿಲ್ಲ, ಮಗು ಅದೇ ಗಾಳಿಯನ್ನೇ ಮತ್ತೆ ಮತ್ತೆ ಉಸಿರಾಡಿದೆ ಅನ್ನುವುದಕ್ಕೆ ಅದು ಗುರುತು. ಅಸ್ತಮಾ ಇರುವವರಿಗೆ ಬೆಳಗಿನ ಜಾವ ಶ್ವಾಸನಾಳ ಸಹಜವಾಗಿಯೇ ಸ್ವಲ್ಪ ಬಿಗಿಯಾಗುತ್ತದೆ. ಅದರ ಮೇಲೆ ಈ ಗಾಳಿ ಬೇರೆ.

ಹಳೇ ಮನೆಗಳಲ್ಲಿ ಈ ತೊಂದರೆ ಕಡಿಮೆ ಇತ್ತು. ಹೆಂಚಿನ ಮನೆಯಲ್ಲಿ ಕಿಟಕಿ ಮುಚ್ಚಿದರೂ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಲೇ ಇರುತ್ತದೆ. ಬೆಂಗಳೂರಿನ ಹಳೇ ಬಡಾವಣೆಗಳ ಮನೆಗಳಲ್ಲಿ ಸೂರಿನ ಹತ್ತಿರ ಸಣ್ಣ ವೆಂಟಿಲೇಟರ್ ಕಿಟಕಿ ಇರುತ್ತಿತ್ತು, ಅದಕ್ಕೆ ಕಟ್ಟಿದ ಹಗ್ಗ ಎಳೆದರೆ ತೆರೆದುಕೊಳ್ಳುತ್ತಿತ್ತು. ಬಿಸಿ ಗಾಳಿ ಮೇಲಕ್ಕೇರಿ ಅಲ್ಲಿಂದ ಹೊರಗೆ ಹೋಗುತ್ತಿತ್ತು. ಈಗಿನ ಆರ್‌ಸಿಸಿ ಫ್ಲಾಟಿನಲ್ಲಿ ಆ ದಾರಿಯೇ ಇಲ್ಲ. ಕಿಟಕಿಯ ಮೇಲ್ಭಾಗಕ್ಕಿಂತ ಎತ್ತರದಲ್ಲಿರುವ ಎರಡು ಅಡಿ ಗಾಳಿ ಹಾಗೇ ನಿಂತಿರುತ್ತದೆ.

ಈಗ ಹೊಗೆಯ ವಿಷಯ. ಸೊಳ್ಳೆ ಬತ್ತಿ ಹಚ್ಚುತ್ತಿದ್ದರೆ ಇವತ್ತೇ ನಿಲ್ಲಿಸಿ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಚೀನಾ ಮತ್ತು ಮಲೇಷ್ಯಾದ ಸೊಳ್ಳೆ ಬತ್ತಿಗಳನ್ನು ಉರಿಸಿ ಅಳೆದು ನೋಡಿದ್ದರು. ಒಂದು ಬತ್ತಿ ಪೂರ್ತಿ ಉರಿದಾಗ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿನ ಹೊಗೆಗೆ ಸಮ ಅಂತ ತಿಳಿದುಬಂತು. ಮುಚ್ಚಿದ ಕೋಣೆಯಲ್ಲಿ, ಮಗು ಮಲಗಿರುವಾಗ, ರಾತ್ರಿಯಿಡೀ. ಇದನ್ನು ಓದಿದ ಮೇಲೂ ಹಚ್ಚಲು ಯಾವ ತಾಯಿಗೂ ಮನಸ್ಸು ಬರಲಾರದು. ಲಿಕ್ವಿಡ್ ಮೆಷಿನ್‌ನಲ್ಲಿ ಹೊಗೆ ಇಲ್ಲ, ನಿಜ. ಆದರೆ ಅದರಿಂದ ಹೊರಡುವ ಔಷಧಿಯ ಆವಿಯೂ ಕೆಲವು ಮಕ್ಕಳ ಗಂಟಲು, ಮೂಗು ಕೆರಳಿಸುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹಾಸಿಗೆಗೆ ಕಟ್ಟುವ ಸೊಳ್ಳೆ ಪರದೆ, ಕಿಟಕಿಗೆ ಜಾಲರಿ. ಸೊಳ್ಳೆ ತಡೆಯಲು ಗಾಳಿಯನ್ನು ಹಾಳು ಮಾಡಬೇಕಾಗಿಲ್ಲ.

ಊದುಬತ್ತಿ, ಧೂಪ, ಸಾಂಬ್ರಾಣಿಯ ವಿಷಯ ಸೂಕ್ಷ್ಮ, ನನಗೆ ಗೊತ್ತು. ದೇವರ ಪೂಜೆ ಬಿಡಿ ಅಂತ ನಾನು ಹೇಳುವುದಿಲ್ಲ. ಆದರೆ ಕಡ್ಡಿಯಿಂದ ಮೇಲಕ್ಕೇಳುವ ಆ ನೀಲಿ ಹೊಗೆ ಕೂಡ ಸುಟ್ಟ ವಸ್ತುವಿನ ಹೊಗೆಯೇ. ಅತ್ತೆಯವರ ಹತ್ತಿರ ಸಮಾಧಾನವಾಗಿ ಕೂತು ಮಾತಾಡಿ. ಹೂವು, ದೀಪ, ನೈವೇದ್ಯ ಒಳಗೇ ಇರಲಿ. ಊದುಬತ್ತಿ ಹಚ್ಚಲೇಬೇಕು ಅಂದರೆ ಒಂದೇ ಕಡ್ಡಿ, ಬಾಲ್ಕನಿಯಲ್ಲಿ ತುಳಸಿಯ ಮುಂದೆ, ಒಳಗಿನ ಬಾಗಿಲು ಮುಚ್ಚಿ. ಮೊಮ್ಮಗನಿಗೋಸ್ಕರ ಅಂದರೆ ಒಪ್ಪದ ಅಜ್ಜಿಯನ್ನು ನಾನು ಕಂಡಿಲ್ಲ. ರೂಮ್ ಫ್ರೆಶ್ನರ್, ನ್ಯಾಫ್ತಲಿನ್ ಗುಳಿಗೆ, ಘಾಟು ಫಿನಾಯಿಲ್ ಇವೂ ಮನೆಯಿಂದ ಹೋಗಲಿ. ವಾಸನೆ ಮುಚ್ಚುವುದಕ್ಕೆ ಇನ್ನೊಂದು ವಾಸನೆ ಹಾಕಿದರೆ ಗಾಳಿ ಶುದ್ಧ ಆಗುವುದಿಲ್ಲ.

ಅಡುಗೆಮನೆಗೆ ಬನ್ನಿ. ಗ್ಯಾಸ್ ಒಲೆಯ ನೀಲಿ ಜ್ವಾಲೆಯಲ್ಲಿ ಹೊಗೆ ಕಾಣುವುದಿಲ್ಲ, ಆದರೆ ಅದರಿಂದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ, ಅದು ಶ್ವಾಸನಾಳವನ್ನು ಕೆರಳಿಸುತ್ತದೆ. ಒಗ್ಗರಣೆಗೆ ಒಣಮೆಣಸಿನಕಾಯಿ ಹಾಕಿದಾಗ ಎದ್ದ ಘಾಟಿಗೆ ಇಡೀ ಮನೆ ಕೆಮ್ಮುವುದು ನಿಮಗೂ ಗೊತ್ತು, ಅಲ್ವಾ? ಚಿಮಣಿ ಇದ್ದರೆ ಅದರ ಪೈಪು ಎಲ್ಲಿಗೆ ಹೋಗುತ್ತದೆ ನೋಡಿ. ಕೆಲವು ಚಿಮಣಿಗಳಿಗೆ ಪೈಪೇ ಇರುವುದಿಲ್ಲ. ಒಳಗಿರುವ ಇದ್ದಿಲಿನ ಫಿಲ್ಟರ್ ಜಿಡ್ಡು, ವಾಸನೆ ಒಂದಿಷ್ಟು ಹಿಡಿದು ಅದೇ ಗಾಳಿಯನ್ನು ಅಡುಗೆಮನೆಗೇ ವಾಪಸ್ ಬಿಡುತ್ತದೆ. ತೇವವೂ ಹೋಗಲ್ಲ, ನೈಟ್ರೋಜನ್ ಡೈಆಕ್ಸೈಡೂ ಹೋಗಲ್ಲ. ಪೈಪು ನೇರವಾಗಿ ಹೊರಗೋಡೆ ದಾಟಿ ಹೋಗುವ ಚಿಮಣಿಯೇ ಬೇಕು. ಪೈಪಿಗೆ ತಿರುವು ಕಡಿಮೆ ಇರಲಿ, ಒಲೆಯಿಂದ ಚಿಮಣಿ ಎರಡೂಕಾಲು ಅಡಿಯ ಆಸುಪಾಸಿನಲ್ಲಿರಲಿ. ಪೈಪಿನ ತುದಿಯನ್ನು ಯುಟಿಲಿಟಿಗೆ ಬಿಟ್ಟಿರುವ ಮನೆಗಳೂ ಬಹಳ ಇವೆ, ಬಟ್ಟೆ ಒಣಗುವ ಜಾಗಕ್ಕೇ ಜಿಡ್ಡು ಹೊಗೆ. ಚಿಮಣಿ ಇಲ್ಲದಿದ್ದರೆ ಚಿಂತೆ ಬೇಡ, ಕಿಟಕಿಯ ಮೇಲಿನ ಗಾಜು ತೆಗೆಸಿ 9 ಇಂಚಿನ ಎಕ್ಸಾಸ್ಟ್ ಫ್ಯಾನ್ ಕೂಡಿಸಿ. ಒಲೆ ಹಚ್ಚುವ ಮೊದಲೇ ಹಾಕಿ. ಒಲೆ ಆರಿಸಿದ ಮೇಲೂ ಹತ್ತು ಹದಿನೈದು ನಿಮಿಷ ಓಡಲಿ. ಸಾರಿನ ಪುಡಿಗೆ ಹುರಿಯುವ ದಿನ ಮಗನನ್ನು ಹೊರಗೆ ಆಡಲು ಕಳಿಸಿ.

ಬಚ್ಚಲುಮನೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮ ಗೋಡೆಯ ಬೂಸ್ಟಿಗೂ ಬೆಡ್‌ರೂಮಿಗೆ ಅಂಟಿಕೊಂಡ ಬಚ್ಚಲಿಗೂ ಸಂಬಂಧ ಇರುವ ಸಾಧ್ಯತೆ ಬಹಳ. ಬಿಸಿನೀರಿನ ಸ್ನಾನ ಮುಗಿಸಿ ಬಾಗಿಲು ತೆಗೆದ ಕೂಡಲೇ ಆವಿಯೆಲ್ಲ ಬೆಡ್‌ರೂಮಿಗೆ ನುಗ್ಗುತ್ತದೆ. ಬಹಳ ಮನೆಗಳಲ್ಲಿ ಎಕ್ಸಾಸ್ಟ್ ಫ್ಯಾನ್ ತಿರುಗುತ್ತಿರುತ್ತದೆ, ಸದ್ದೂ ಬರುತ್ತದೆ, ಆದರೆ ಗಾಳಿ ಎಳೆಯುತ್ತಿರುವುದಿಲ್ಲ. ಒಂದು ಪರೀಕ್ಷೆ ಮಾಡಿ. ಟಿಶ್ಯೂ ಪೇಪರಿನ ಒಂದೇ ಪದರ ಬಿಡಿಸಿಕೊಂಡು ಫ್ಯಾನಿನ ಒಳಬದಿಯ ಜಾಲರಿಯ ಹತ್ತಿರ ಹಿಡಿದು ಬಿಡಿ. ಅದು ಜಾಲರಿಗೆ ಅಂಟಿಕೊಂಡು ನಿಲ್ಲಬೇಕು. ಜಾರಿ ಬಿದ್ದರೆ ಫ್ಯಾನ್ ಎಳೆಯುತ್ತಿಲ್ಲ. ನಿಮ್ಮ ಫ್ಯಾನಿಗೆ ಜಾಲರಿ ಇಲ್ಲದೆ ರೆಕ್ಕೆ ಬಯಲಾಗಿದ್ದರೆ ಕಾಗದ ಹತ್ತಿರ ಒಯ್ಯಬೇಡಿ, ದೂರದಿಂದ ಒಂದು ದಾರದ ಎಳೆ ಹಿಡಿದು ಅದು ಯಾವ ಕಡೆ ವಾಲುತ್ತದೆ ನೋಡಿದರೆ ಸಾಕು. ಎಳೆಯದಿದ್ದರೆ ಕಾರಣ ಹುಡುಕಿ. ರೆಕ್ಕೆಯ ಮೇಲೆ ಹತ್ತಿಯಂತೆ ಧೂಳು ಕೂತಿರಬಹುದು. ಹೊರಗಿನ ಮುಚ್ಚಳದ ಪಟ್ಟಿಗಳು ಅಂಟಿಕೊಂಡಿರಬಹುದು. ಪಾರಿವಾಳ ಗೂಡು ಕಟ್ಟಿರಬಹುದು. ಇದ್ಯಾವುದೂ ಇಲ್ಲ ಅಂದರೆ ಬಾಗಿಲ ಕೆಳಗೆ ನೋಡಿ. ಹೊರಗೆ ಹೋಗುವಷ್ಟೇ ಗಾಳಿ ಒಳಗೂ ಬರಬೇಕು. ಬಾಗಿಲ ಕೆಳಗೆ ಅರ್ಧ, ಮುಕ್ಕಾಲು ಇಂಚು ಸಂದಿ ಇಲ್ಲದೆ ಬಿಗಿಯಾಗಿ ಮುಚ್ಚಿಕೊಂಡರೆ ಫ್ಯಾನ್ ಬರೀ ಸದ್ದು ಮಾಡುತ್ತದೆ ಅಷ್ಟೇ. ಬಡಗಿಗೆ ಹೇಳಿ ಬಾಗಿಲ ಕೆಳಗೆ ಒಂಚೂರು ಕೊಯ್ಯಿಸಿ, ಇಲ್ಲವೇ ಜಾಲರಿ ಕೂಡಿಸಿ. ಸ್ನಾನ ಆದ ಮೇಲೆ ಬಚ್ಚಲ ಬಾಗಿಲು ಮುಚ್ಚಿ ಅರ್ಧ ಗಂಟೆ ಫ್ಯಾನ್ ಓಡಲಿ. ನೆಲದ ನೀರನ್ನು ವೈಪರ್‌ನಿಂದ ಎಳೆದುಬಿಟ್ಟರೆ ಅರ್ಧ ತೇವ ಅಲ್ಲೇ ಕಳೆಯಿತು.

ಬಚ್ಚಲಿನ ಮಾತಲ್ಲೇ ಒಂದು ಎಚ್ಚರಿಕೆ, ಇದು ಅಸ್ತಮಾಕ್ಕಿಂತ ದೊಡ್ಡದು. ನಿಮ್ಮದು ಗ್ಯಾಸ್ ಗೀಸರ್ ಆಗಿದ್ದು ಅದು ಬಚ್ಚಲ ಒಳಗೇ ಇದ್ದರೆ ಕೂಡಲೇ ಹೊರಗೆ, ಗಾಳಿ ಆಡುವ ಯುಟಿಲಿಟಿಗೆ ಹಾಕಿಸಿ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಉರಿದಾಗ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಸ್ನಾನಕ್ಕೆ ಹೋದವರು ಅಲ್ಲೇ ಕುಸಿದು ಪ್ರಾಣ ಬಿಟ್ಟ ಸುದ್ದಿ ಬೆಂಗಳೂರಿನಲ್ಲಿ ಚಳಿಗಾಲ ಬಂದರೆ ಮತ್ತೆ ಮತ್ತೆ ಬರುತ್ತದೆ. ದಯವಿಟ್ಟು ಇದನ್ನು ನಾಳೆಗೆ ಇಡಬೇಡಿ.

ಬೂಸ್ಟಿಗೆ ಮದ್ದು ಬಣ್ಣ ಅಲ್ಲ. ಮನೆ ಮಾಲೀಕರು ಪ್ರತಿ ವರ್ಷ ಪೇಂಟರ್ ಕಳಿಸುತ್ತಾರೆ, ಮುಂದಿನ ಮಳೆಗೆ ಬೂಸ್ಟು ಮತ್ತೆ ಹಾಜರ್. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಕಲೆ ನೆಲದಿಂದ ಮೇಲಕ್ಕೆ ಹತ್ತುತ್ತಿದ್ದರೆ ಬಚ್ಚಲ ಟೈಲ್ಸ್ ಸಂದಿಯೋ ಪೈಪೋ ಸೋರುತ್ತಿರಬಹುದು. ಕಿಟಕಿಯ ಮೂಲೆಯಿಂದ ಇಳಿಯುತ್ತಿದ್ದರೆ ಹೊರಗೋಡೆಯ ಬಿರುಕು. ಬೀರುವಿನ ಹಿಂದೆ ಮಾತ್ರ ಚುಕ್ಕೆ ಚುಕ್ಕೆಯಾಗಿ ಬಂದಿದ್ದರೆ, ಸೋರಿಕೆ ಇಲ್ಲದೆಯೂ ಬರಬಹುದು. ಅಲ್ಲಿ ಗಾಳಿ ಆಡುವುದಿಲ್ಲ, ಹೊರಗೋಡೆ ಮಳೆಗೆ ತಣ್ಣಗಾಗಿರುತ್ತದೆ, ಕೋಣೆಯ ತೇವ ಅಲ್ಲಿ ಹೋಗಿ ಕೂರುತ್ತದೆ. ಬೀರುವನ್ನು ಗೋಡೆಯಿಂದ ಮೂರು ಇಂಚು ಮುಂದಕ್ಕೆ ಎಳೆಯಿರಿ. ಸಾಧ್ಯವಿದ್ದರೆ ಹೊರಗೋಡೆ ಬಿಟ್ಟು ಒಳಗೋಡೆಗೆ ಸರಿಸಿ. ಬೂಸ್ಟನ್ನು ಸೋಪಿನ ನೀರಿನ ಬಟ್ಟೆಯಿಂದ ಒರೆಸಿ, ಒಣ ಬ್ರಷ್‌ನಿಂದ ಉಜ್ಜಬೇಡಿ, ಉಜ್ಜಿದರೆ ಅದರ ಕಣಗಳು ಕೋಣೆಯೆಲ್ಲ ಹಾರುತ್ತವೆ. ಆ ಹೊತ್ತಿನಲ್ಲಿ ನೀವು ಮಾಸ್ಕ್ ಹಾಕಿಕೊಂಡಿರಿ, ಮಗ ಮನೆಯಲ್ಲಿ ಇರುವುದು ಬೇಡ. ಬ್ಲೀಚ್ ಸುರಿಯುವುದೂ ಬೇಡ, ಅದರ ಘಾಟೇ ಉಬ್ಬಸ ಎಬ್ಬಿಸುತ್ತದೆ. ಮಳೆಗಾಲದಲ್ಲಿ ಹಾಲ್‌ನಲ್ಲಿ ಸ್ಟ್ಯಾಂಡ್ ಹಾಕಿ ಬಟ್ಟೆ ಒಣಗಿಸುತ್ತೀರಾ? ಒಂದು ವಾಷಿಂಗ್ ಮೆಷಿನ್ ಬಟ್ಟೆಯಿಂದ ಹೆಚ್ಚೂ ಕಡಿಮೆ ಎರಡು ಲೀಟರ್ ನೀರು ಮನೆಯ ಗಾಳಿಗೆ ಸೇರುತ್ತದೆ. ಬಾಲ್ಕನಿಯಲ್ಲಿ ಜಾಗ ಇಲ್ಲದಿದ್ದರೆ ಎಕ್ಸಾಸ್ಟ್ ಇರುವ ಬಚ್ಚಲಿನಲ್ಲಿ ಹರಡಿ, ಬಾಗಿಲು ಮುಚ್ಚಿ, ಫ್ಯಾನ್ ಹಾಕಿ.

ಇನ್ನು ಕಿಟಕಿ. ಗಾಳಿ ಆಡಬೇಕು ಅಂದರೆ ಬರುವುದಕ್ಕೊಂದು ದಾರಿ, ಹೋಗುವುದಕ್ಕೊಂದು ದಾರಿ ಬೇಕು. ಒಂದೇ ಗೋಡೆಯ ಒಂದೇ ಕಿಟಕಿ ತೆಗೆದರೆ ಕಿಟಕಿಯ ಹತ್ತಿರದ ಗಾಳಿ ಮಾತ್ರ ಬದಲಾಗುತ್ತದೆ, ಒಳಗಿನ ಮೂಲೆಯದು ಹಾಗೇ ನಿಂತಿರುತ್ತದೆ. ಬೆಡ್‌ರೂಮಿನ ಕಿಟಕಿ ತೆಗೆದಾಗ ಬೆಡ್‌ರೂಮಿನ ಬಾಗಿಲೂ ತೆಗೆದು, ಎದುರು ದಿಕ್ಕಿನ ಹಾಲ್ ಅಥವಾ ಅಡುಗೆಮನೆ ಕಿಟಕಿಯನ್ನೂ ತೆಗೆಯಿರಿ. ಹೀಗೆ ಮಾಡಿದರೆ ಹತ್ತು ಹದಿನೈದು ನಿಮಿಷದಲ್ಲಿ ಆಗುವ ಕೆಲಸ, ಒಂದೇ ಕಿಟಕಿಯನ್ನು ಗಂಟೆಗಟ್ಟಲೆ ತೆಗೆದಿಟ್ಟರೂ ಆಗುವುದಿಲ್ಲ. ಬೆಂಗಳೂರಿನಲ್ಲಿ ಮಳೆಗಾಲದ ಗಾಳಿ ಪಶ್ಚಿಮದ ಕಡೆಯಿಂದ, ಚಳಿಗಾಲದ್ದು ಪೂರ್ವದ ಕಡೆಯಿಂದ ಬೀಸುವುದು ಹೆಚ್ಚು. ಅದನ್ನು ನೋಡಿಕೊಂಡು ಗಾಳಿ ಬರುವ ಬದಿಯಲ್ಲಿ ಚಿಕ್ಕದಾಗಿ, ಹೋಗುವ ಬದಿಯಲ್ಲಿ ದೊಡ್ಡದಾಗಿ ತೆಗೆದಿಡಿ.

ನ್ಯಾಷನಲ್ ಬಿಲ್ಡಿಂಗ್ ಕೋಡ್ ಪ್ರಕಾರ ತೆರೆಯಬಹುದಾದ ಕಿಟಕಿಯ ಅಳತೆ ಕರಾವಳಿಯಂಥ ಬಿಸಿ, ತೇವದ ಪ್ರದೇಶದಲ್ಲಿ ನೆಲದ ಆರನೇ ಒಂದು ಭಾಗ, ಬೆಂಗಳೂರಿನಂಥ ಮಧ್ಯಮ ಹವೆಯ ಊರುಗಳಲ್ಲಿ ಎಂಟನೇ ಒಂದು ಭಾಗ ಇರಬೇಕು. 120 ಚದರ ಅಡಿಯ ಬೆಡ್‌ರೂಮಿಗೆ 15 ಚದರ ಅಡಿ ಆಯಿತು. ನಿಮ್ಮ ಕಿಟಕಿ ನಾಲ್ಕು ಬೈ ನಾಲ್ಕು ಅಂದುಕೊಳ್ಳೋಣ, 16 ಚದರ ಅಡಿ ಇದೆಯಲ್ಲ ಅನ್ನಬಹುದು. ಆದರೆ ಈಗಿನ ಫ್ಲಾಟುಗಳಲ್ಲಿ ಅದು ಹೆಚ್ಚಾಗಿ ಸ್ಲೈಡಿಂಗ್ ಕಿಟಕಿ. ಎಷ್ಟೇ ತಳ್ಳಿದರೂ ಅರ್ಧ ಗಾಜಿನ ಹಿಂದೆ ಇನ್ನರ್ಧ ಹೋಗಿ ಕೂರುತ್ತದೆ, ತೆರೆಯುವುದು 8 ಚದರ ಅಡಿ ಮಾತ್ರ. ಅದರ ಮೇಲೆ ಸೊಳ್ಳೆ ಜಾಲರಿ. ಜಾಲರಿ ಹೊಸದಿದ್ದಾಗಲೇ ಗಾಳಿಯನ್ನು ಸಾಕಷ್ಟು ತಡೆಯುತ್ತದೆ, ಧೂಳು ತುಂಬಿ ಬೂದಿ ಬಣ್ಣಕ್ಕೆ ತಿರುಗಿದ ಮೇಲಂತೂ ಗೋಡೆಯಂತೆಯೇ. ತಿಂಗಳಿಗೊಮ್ಮೆ ಜಾಲರಿ ಬಿಚ್ಚಿ ಸೋಪು ನೀರಲ್ಲಿ ತೊಳೆದು ಒಣಗಿಸಿ ಹಾಕಿ.

ಎದುರು ಕಿಟಕಿಯೇ ಇಲ್ಲದ ಮನೆಗೆ ಒಂದು ಉಪಾಯ ಇದೆ, ಖರ್ಚೂ ಇಲ್ಲ. ಟೇಬಲ್ ಫ್ಯಾನನ್ನು ಕಿಟಕಿಯ ಹತ್ತಿರ ಇಟ್ಟು ಅದರ ಮುಖವನ್ನು ಹೊರಗೆ ತಿರುಗಿಸಿ. ಕೋಣೆಯ ಗಾಳಿಯನ್ನು ಅದು ಹೊರಗೆ ತಳ್ಳುತ್ತದೆ, ಬಾಗಿಲಿನಿಂದ ಬೇರೆ ಗಾಳಿ ಬರುತ್ತದೆ. ಸೀಲಿಂಗ್ ಫ್ಯಾನ್ ಈ ಕೆಲಸ ಮಾಡುವುದಿಲ್ಲ, ಇದ್ದ ಗಾಳಿಯನ್ನೇ ಸುತ್ತಿಸುತ್ತದೆ. ಸ್ಪ್ಲಿಟ್ ಎಸಿಯೂ ಅಷ್ಟೇ. ಎಸಿ ಹಾಕಿದರೆ ಹೊರಗಿನ ಗಾಳಿ ಒಳಗೆ ಬರುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಬರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಣ್ಣಗೆ ಮಾಡಿ ಅಲ್ಲೇ ಬಿಡುತ್ತದೆ. ಸ್ವಲ್ಪ ತೇವ ತೆಗೆಯುತ್ತದೆ, ಅದೊಂದು ಒಳ್ಳೆಯದು. ಫಿಲ್ಟರನ್ನು ಎರಡು ವಾರಕ್ಕೊಮ್ಮೆ ತೊಳೆಯಬೇಕು.

ಯಾವ ಹೊತ್ತಿಗೆ ತೆಗೆಯಬೇಕು ಅನ್ನುವುದು ನಿಮ್ಮ ಮನೆಗೆ ಮುಖ್ಯ, ಮುಂದೆಯೇ ಬಸ್ಸಿನ ರಸ್ತೆ ಇದೆ. ಸೂಕ್ಷ್ಮ ಕಣ ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇಟ್ಟ ಮಿತಿ ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರಿಗೆ 5 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ 40. ಅಂದರೆ ನಮ್ಮ ನಗರದ ಗಾಳಿ ಸರ್ಕಾರಿ ಲೆಕ್ಕದಲ್ಲಿ ಪಾಸಾದ ದಿನವೂ ಅಸ್ತಮಾ ಇರುವ ಮಗುವಿಗೆ ಒಳ್ಳೆಯದು ಅಂತ ಅರ್ಥ ಅಲ್ಲ. ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ 18 ವರ್ಷದೊಳಗಿನ ಮಕ್ಕಳನ್ನು ನೋಡಿ ದಾಖಲಿಸಿದ ಪ್ರಕಾರ ಅವರಲ್ಲಿ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆಗಿತ್ತು. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಇಡೀ ಊರಿನದಲ್ಲ. ಆದರೂ ಈ ಊರಿನ ಹವೆಯಲ್ಲಿ ಏನು ಬದಲಾಯಿತು ಅಂತ ಯೋಚಿಸುವಂತೆ ಮಾಡುತ್ತದೆ.

ಬೆಳಗಿನ ಜಾವದ ಗಾಳಿ ಶುದ್ಧ ಅನ್ನುವ ನಂಬಿಕೆ ನಮ್ಮಲ್ಲಿ ಗಟ್ಟಿ. ಚಳಿಗಾಲದ ಬೆಂಗಳೂರಿಗೆ ಅದು ಹೊಂದುವುದಿಲ್ಲ. ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೆಳಗೇ ಕೂರುತ್ತದೆ, ಮೇಲೆ ಬೆಚ್ಚನೆ ಗಾಳಿ ಮುಚ್ಚಿಕೊಂಡಿರುತ್ತದೆ, ವಾಹನದ ಹೊಗೆ, ಬೀದಿಯಲ್ಲಿ ಸುಟ್ಟ ಎಲೆ ಕಸದ ಹೊಗೆ ಎಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಲು ಏರಿ ನೆಲ ಕಾದ ಮೇಲೆ ಅದು ಮೇಲಕ್ಕೆ ಹೋಗಿ ಚದುರುತ್ತದೆ. ಹಾಗಾಗಿ ನವೆಂಬರಿನಿಂದ ಫೆಬ್ರುವರಿವರೆಗೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ ಮನೆಯನ್ನೆಲ್ಲ ತೆರೆದುಬಿಡಿ. ಹಾಸಿಗೆ ಹೊದಿಕೆ ಬಿಸಿಲಿಗೆ ಹಾಕಿ. ಬೇಸಿಗೆಯಲ್ಲೂ ಬೆಳಗಿನ ಟ್ರಾಫಿಕ್ ಕಳೆದ ಮೇಲೆ ತೆಗೆಯಿರಿ, ಸಂಜೆ ಐದೂವರೆಗೆ ರಸ್ತೆ ಕಡೆಯದು ಮುಚ್ಚಿ. ಆ ಹೊತ್ತಿಗೆ ಸೊಳ್ಳೆಯೂ ಬರುತ್ತದೆ. ಆದರೆ ಡೆಂಗಿ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಜಾಲರಿ ಯಾವಾಗಲೂ ಇರಲಿ. ರಾತ್ರಿ ಮಲಗುವಾಗ ರಸ್ತೆಯಿಂದ ದೂರದ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆಗೆದಿಟ್ಟು, ಬೆಡ್‌ರೂಮಿನ ಬಾಗಿಲನ್ನೂ ಓರೆ ಮಾಡಿಡಿ.

ಮಳೆಗಾಲದ್ದೇ ಬೇರೆ ಕಥೆ. ಜುಲೈ, ಆಗಸ್ಟ್‌ನಲ್ಲಿ ಬೆಳಗ್ಗೆ ಹೊರಗಿನ ಗಾಳಿಯ ತೇವಾಂಶವೇ ಶೇ 80 ದಾಟಿರುತ್ತದೆ. ದಿನವಿಡೀ ಕಿಟಕಿ ತೆರೆದಿಟ್ಟು ಮನೆ ಒಣಗಿಸುತ್ತೇನೆ ಅಂದರೆ ಆಗುವ ಮಾತಲ್ಲ. ಮಳೆ ನಿಂತು ಬಿಸಿಲು ಬಿದ್ದಾಗ ಜಾಸ್ತಿ ತೆಗೆಯಿರಿ, ಉಳಿದ ಹೊತ್ತು ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಮೇಲೆ ಭರವಸೆ ಇಡಿ. ತೇವಾಂಶ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ಮಗನ ಕೋಣೆಯಲ್ಲಿಡಿ. ಶೇ 50ರ ಆಸುಪಾಸಿಗೆ ಇಳಿಸಿದರೆ ಧೂಳಿನ ಹುಳ ಬದುಕುವುದು ಕಷ್ಟ. ಮಳೆಗಾಲದಲ್ಲಿ ಅಷ್ಟು ಇಳಿಯದಿದ್ದರೂ ದಿನಗಟ್ಟಲೆ 65, 70ರ ಮೇಲೇ ನಿಂತರೆ ಮನೆಯೊಳಗೇ ಎಲ್ಲೋ ನೀರು ಹುಟ್ಟುತ್ತಿದೆ ಅಂತ ಹುಡುಕಲು ಶುರು ಮಾಡಿ.

ಪಕ್ಕದ ಖಾಲಿ ಸೈಟಿನಲ್ಲಿ ಕಾಂಗ್ರೆಸ್ ಗಿಡ ಬೆಳೆದಿದೆಯಾ ನೋಡಿ. ಕ್ಯಾರೆಟ್ ಸೊಪ್ಪಿನಂಥ ಎಲೆ, ಗಸಗಸೆಯಂತೆ ಸಣ್ಣ ಬಿಳಿ ಹೂವು. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಂಡ ಈ ಪಾರ್ಥೇನಿಯಂ ಈಗ ರಾಜ್ಯದ ಯಾವ ಖಾಲಿ ಜಾಗವನ್ನೂ ಬಿಟ್ಟಿಲ್ಲ. ಅದರ ಪರಾಗಕ್ಕೆ ಮೂಗು ಸೋರುವವರು, ಚರ್ಮ ಕೆರೆಯುವವರು ಬೆಂಗಳೂರಿನಲ್ಲಿ ಬಹಳ. ಹೂ ಬಿಡುವ ಮೊದಲೇ, ನೆಲ ಒದ್ದೆ ಇರುವಾಗ, ಕೈಗೆ ಗ್ಲೌಸ್ ಹಾಕಿ ಬೇರು ಸಮೇತ ಕೀಳಿಸಿ. ಹೂವಾಗಿಬಿಟ್ಟಿದ್ದರೆ ಆ ಬದಿಯ ಕಿಟಕಿಯನ್ನು ಬೆಳಗ್ಗೆ ಮುಚ್ಚಿಡಿ. ಗುಡುಗು ಮಳೆ ಬರುವಾಗಲೂ ಸ್ವಲ್ಪ ಹೊತ್ತು ಎಲ್ಲ ಕಿಟಕಿ ಮುಚ್ಚಿ. ಗುಡುಗು ಮಳೆಯ ಗಾಳಿಗೆ ಪರಾಗ ಒಡೆದು ಇನ್ನೂ ಸಣ್ಣ ಕಣಗಳಾಗಿ ಎದೆಯ ಆಳಕ್ಕೆ ಇಳಿಯಬಹುದು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 2016ರ ನವೆಂಬರ್ 21ರ ಸಂಜೆ ಹೀಗೆಯೇ ಆಗಿ ಸಾವಿರಾರು ಜನ ಆಸ್ಪತ್ರೆಗೆ ಓಡಿದರು, ಜೀವಗಳೂ ಹೋದವು.

ಅತ್ತೆಯವರ ಥಂಡಿ ಗಾಳಿಯ ಭಯ ಸುಳ್ಳಲ್ಲ. ತಣ್ಣನೆಯ ಗಾಳಿ ನೇರವಾಗಿ ಮುಖಕ್ಕೆ ಬಡಿದರೆ ಅಸ್ತಮಾ ಇರುವವರ ಶ್ವಾಸನಾಳ ಬಿಗಿಯುತ್ತದೆ. ಅದಕ್ಕೆ ಪರಿಹಾರ ಮಂಚದ ಜಾಗ ಬದಲಿಸುವುದು. ಮಗನ ತಲೆ ಕಿಟಕಿಯ ನೇರಕ್ಕೆ ಬರದಂತೆ ಮಂಚ ಸರಿಸಿ, ಬೆಚ್ಚಗೆ ಹೊದಿಸಿ, ಕಿಟಕಿ ಓರೆಯಾಗಿ ತೆರೆದಿರಲಿ. ಕಿಟಕಿಯ ಮೇಲ್ಭಾಗದಲ್ಲಿ ತೆರೆಯುವ ಸಣ್ಣ ಗಾಜು ಇದ್ದರೆ ಅದಂತೂ ಬಹಳ ಒಳ್ಳೆಯದು, ಗಾಳಿ ತಲೆಯ ಮೇಲಿಂದ ಹೋಗುತ್ತದೆ.

ಗಾಳಿಯಿಂದ ಹೋಗದ ಎರಡು ಶತ್ರುಗಳಿವೆ, ನಿಮ್ಮ ಮಗನ ಟೆಸ್ಟಿನಲ್ಲಿ ಬಂದಿರುವುದೂ ಅವೇ. ಧೂಳಿನ ಹುಳ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು ಸಣ್ಣದು, ಕಣ್ಣಿಗೆ ಕಾಣುವುದಿಲ್ಲ. ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಹಾಸಿಗೆ, ದಿಂಬಿನಲ್ಲಿ ಇರುತ್ತದೆ. ಅಲರ್ಜಿ ಬರುವುದು ಮುಖ್ಯವಾಗಿ ಅದರ ಹಿಕ್ಕೆಯಿಂದ. ಆ ಹಿಕ್ಕೆ ಭಾರ, ಹಾಸಿಗೆ ಕೊಡವಿದಾಗ ಎದ್ದು ಅರ್ಧ ಗಂಟೆಯೊಳಗೆ ಮತ್ತೆ ಕೂತುಬಿಡುತ್ತದೆ. ಅದಕ್ಕೇ ಪ್ಯೂರಿಫೈಯರ್ ಇದಕ್ಕೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಗಾಳಿಯಲ್ಲಿ ತೇಲದ್ದನ್ನು ಅದು ಹೇಗೆ ಎಳೆಯುತ್ತದೆ? ದಿಂಬು, ಹಾಸಿಗೆಗೆ ಒತ್ತು ನೇಯ್ಗೆಯ, ಜಿಪ್ ಇರುವ ಕವರ್ ಹಾಕಿ. ಬೆಡ್‌ಶೀಟ್, ದಿಂಬಿನ ಚೀಲವನ್ನು ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯಿರಿ. ಹಳೇ ಹತ್ತಿ ಹಾಸಿಗೆ, ಕೌದಿ ಇದ್ದರೆ ಬಿಸಿಲಿಗೆ ಹಾಕಿ ಮಾಳಿಗೆಯ ಮೇಲೆಯೇ ಬಡಿಯಿರಿ, ಮಗನ ಕಣ್ಣೆದುರು ಕೊಡವಬೇಡಿ. ಗುಡಿಸುವಾಗಲೂ ಅಷ್ಟೇ. ಒಣ ಪೊರಕೆಗಿಂತ ಒದ್ದೆ ಬಟ್ಟೆ ಮೇಲು. ಗುಡಿಸಲೇಬೇಕಾದರೆ ಅವನು ಶಾಲೆಗೆ ಹೋದ ಮೇಲೆ, ಕಿಟಕಿ ತೆಗೆದು. ಜಿರಳೆಗೆ ಸ್ಪ್ರೇ ಹೊಡೆಯಬೇಡಿ, ಜೆಲ್ ಮದ್ದು ಮೂಲೆಗೆ ಇಡಿ. ಸಿಂಕಿನ ಕೆಳಗೆ ಪೈಪು ಸೋರುವುದನ್ನು ನಿಲ್ಲಿಸಿ, ರಾತ್ರಿ ಮುಸುರೆ ಪಾತ್ರೆ ಬಿಡಬೇಡಿ. ಪೈಪಿನ ಸುತ್ತಲಿನ ತೂತು ಮುಚ್ಚಿಸಿ. ಪಾರಿವಾಳದ ಹಿಕ್ಕೆ ಎಸಿ ಯೂನಿಟ್ ಮೇಲೆ ಬಿದ್ದಿದ್ದರೆ ಮೊದಲು ನೀರು ಚಿಮುಕಿಸಿ ಒದ್ದೆ ಮಾಡಿ, ಮಾಸ್ಕ್ ಹಾಕಿಕೊಂಡು ತೆಗೆಯಿರಿ. ಒಣಗಿದ್ದನ್ನು ಗುಡಿಸಿದರೆ ಅದರ ಪುಡಿ ಶ್ವಾಸಕೋಶಕ್ಕೆ ಬೇರೆಯದೇ ಕಾಯಿಲೆ ತರಬಹುದು.

ಇಷ್ಟೆಲ್ಲ ಯಾಕೆ, ಒಂದು ಹಾಸಿಗೆ ಕವರ್ ಹಾಕಿದರೆ ಸಾಲದಾ ಅಂತ ಕೇಳಬಹುದು. ಬ್ರಿಟನ್ನಿನಲ್ಲಿ 1,122 ವಯಸ್ಕರ ಮೇಲೆ ಕವರ್ ಮಾತ್ರ ಹಾಕಿ ನೋಡಿದ್ದ ಅಧ್ಯಯನ 2003ರಲ್ಲಿ ಬಂತು, ಅಸ್ತಮಾದಲ್ಲಿ ವ್ಯತ್ಯಾಸ ಕಾಣಲಿಲ್ಲ. ಮರುವರ್ಷ ಅಮೆರಿಕದ 7 ನಗರಗಳ 937 ಮಕ್ಕಳ ಮೇಲಿನ ಅಧ್ಯಯನ ಬಂತು. ಅಲ್ಲಿ ಪ್ರತಿ ಮಗುವಿನ ಅಲರ್ಜಿ ನೋಡಿ ಹುಳ, ಜಿರಳೆ, ಹೊಗೆ, ಬೂಸ್ಟು ಎಲ್ಲದರ ಮೇಲೂ ಒಟ್ಟಿಗೆ ಕೆಲಸ ಮಾಡಿದ್ದರು. ಆ ಮಕ್ಕಳಿಗೆ ಉಬ್ಬಸದ ದಿನಗಳು ಕಡಿಮೆಯಾದವು. ನಾನು ನಂಬುವುದೂ ಇದನ್ನೇ. ಒಂದನ್ನು ಪೂರ್ತಿ ಮಾಡಿ ಉಳಿದದ್ದು ಬಿಡುವುದಕ್ಕಿಂತ, ಎಲ್ಲವನ್ನೂ ಒಂದು ಮಟ್ಟಕ್ಕೆ ಮಾಡುವುದು ಮೇಲು.

ಯಜಮಾನರ ಪ್ಯೂರಿಫೈಯರ್ ಬೇಡವೇ ಬೇಡ ಅಂತಲ್ಲ. ರಸ್ತೆಯ ಹೊಗೆ, ಪರಾಗ, ದೀಪಾವಳಿ ಪಟಾಕಿ ಹೊಗೆ ಇವಕ್ಕೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತೇವ ತೆಗೆಯುವುದಿಲ್ಲ, ಹೊಸ ಗಾಳಿ ತರುವುದಿಲ್ಲ. ತರುವುದಾದರೆ ಸೂಕ್ಷ್ಮ ಕಣವನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದನ್ನೇ ನೋಡಿ. ಡಬ್ಬದ ಮೇಲೆ ಸಿಎಡಿಆರ್ ಅಂತ ಒಂದು ಅಂಕಿ ಇರುತ್ತದೆ, ಮೆಷಿನ್ ಗಂಟೆಗೆ ಎಷ್ಟು ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ ಅದು. ಮೇಲೆ ಹೇಳಿದ 120 ಚದರ ಅಡಿಯ ಕೋಣೆಯಲ್ಲಿ ಸುಮಾರು 32 ಘನ ಮೀಟರ್ ಗಾಳಿ ಇದೆ, ಗಂಟೆಗೆ ಐದು ಸಲ ಅದೆಲ್ಲ ಫಿಲ್ಟರ್ ಮೂಲಕ ಹೋಗಬೇಕು ಅಂದರೆ ಆ ಅಂಕಿ ಗಂಟೆಗೆ 160 ಘನ ಮೀಟರಿಗೆ ಕಡಿಮೆ ಇರಬಾರದು. ಅಯಾನ್, ಓಜೋನ್ ಬಿಡುವ ಮೆಷಿನ್ ಬೇಡ, ಓಜೋನ್ ಅಸ್ತಮಾಕ್ಕೆ ಕೆಟ್ಟದ್ದು. ಮೊದಲು ಎಕ್ಸಾಸ್ಟ್, ಜಾಲರಿ, ಹಾಸಿಗೆ ಕವರಿಗೆ ದುಡ್ಡು ಹಾಕಿ, ಮಿಕ್ಕಿದರೆ ಪ್ಯೂರಿಫೈಯರ್.

ಊರಿನ ಮನೆಯಲ್ಲಿ ಯಾಕೆ ಜಾಸ್ತಿ ಆಗುತ್ತದೆ? ಹೆಂಚಿನ ಮನೆ, ಗಾಳಿ ಆಡುತ್ತದೆ ಅಂತ ಮೇಲೆ ನಾನೇ ಹೇಳಿದೆ. ಆದರೆ ಮಲೆನಾಡಿಗೆ ಹೋದ ಕೂಡಲೇ ಬಚ್ಚಲ ಒಲೆಗೆ ಸೌದೆ ಬೀಳುತ್ತದೆ, ಮಳೆಗಾಲದಲ್ಲಿ ಆ ಸೌದೆಯೂ ಒದ್ದೆ, ಹೊಗೆ ಮನೆತುಂಬ. ವರ್ಷಪೂರ್ತಿ ಟ್ರಂಕಿನಲ್ಲಿದ್ದ ಕಂಬಳಿ, ರಜಾಯಿ ಮಗನಿಗೋಸ್ಕರ ಅಂತ ಪ್ರೀತಿಯಿಂದ ಹೊರಗೆ ಬರುತ್ತದೆ, ಅದರಲ್ಲಿ ಹುಳವೂ ಬೂಸ್ಟೂ ಇರುತ್ತದೆ. ಹೊರಡುವ ವಾರದ ಮೊದಲೇ ಫೋನ್ ಮಾಡಿ ಹೊದಿಕೆ ಬಿಸಿಲಿಗೆ ಹಾಕಲು ಹೇಳಿ, ಇಲ್ಲವೇ ಅವನ ದಿಂಬು, ಹೊದಿಕೆ ನೀವೇ ತೆಗೆದುಕೊಂಡು ಹೋಗಿ. ಒಲೆಗೆ ಹೊಗೆ ಕೊಳವೆ ಇರುವಂತೆ ಮಾಡಿಸುವುದು ಕಷ್ಟದ ಕೆಲಸ ಅಲ್ಲ. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆ ಅಂತ ಶುರುವಾದ ಅಸ್ತ್ರ ಕೇಂದ್ರದವರು ಮಾಡಿದ ಅಸ್ತ್ರ ಒಲೆ ರಾಜ್ಯದ ಎಷ್ಟೋ ಹಳ್ಳಿಗಳ ಅಡುಗೆಮನೆಗೆ ಹೋಗಿದೆ, ಸೌದೆಯೂ ಕಡಿಮೆ ಸಾಕು, ಹೊಗೆಯೂ ಕೊಳವೆಯಲ್ಲಿ ಹೊರಗೆ.

ಬಾಡಿಗೆ ಮನೆ ಆದ್ದರಿಂದ ಮಾಲೀಕರನ್ನು ಕೇಳಬೇಕಾದ್ದು ಸೋರಿಕೆ ರಿಪೇರಿ ಮತ್ತು ಎಕ್ಸಾಸ್ಟ್‌ಗೆ ಒಂದು ಪಾಯಿಂಟು. ಬೂಸ್ಟಿನ ಫೋಟೋ ತೆಗೆದು ಕಳಿಸಿ, ಗೋಡೆ ಹಾಳಾಗುವುದು ಅವರ ನಷ್ಟವೂ ಹೌದು. ಉಳಿದದ್ದೆಲ್ಲ ನಿಮ್ಮ ಕೈಯಲ್ಲೇ ಇದೆ. ವ್ಯತ್ಯಾಸ ಒಂದೆರಡು ದಿನದಲ್ಲಿ ಕಾಣಲ್ಲ. ಹೊಗೆ ನಿಲ್ಲಿಸಿದ್ದರ ಫಲ ಬೇಗ ಗೊತ್ತಾಗುತ್ತದೆ, ಹುಳ ಮತ್ತು ತೇವದ್ದಕ್ಕೆ ತಿಂಗಳುಗಳೇ ಬೇಕು. ಅಲ್ಲಿಯವರೆಗೆ ಒಂದು ನೋಟ್‌ಬುಕ್‌ನಲ್ಲಿ ರಾತ್ರಿ ಎದ್ದು ಕೆಮ್ಮಿದ್ದು, ಹಠಾತ್ ಉಬ್ಬಸಕ್ಕೆ ಇನ್‌ಹೇಲರ್ ಕೊಟ್ಟಿದ್ದು, ಆ ದಿನದ ತೇವಾಂಶ ಬರೆಯುತ್ತಾ ಹೋಗಿ. ಮಗ ಚೆನ್ನಾಗಿದ್ದಾನೆ ಅಂತ ದಿನದ ಇನ್‌ಹೇಲರನ್ನು ನೀವಾಗಿ ನಿಲ್ಲಿಸಬೇಡಿ, ಡೋಸ್ ಇಳಿಸುವುದು ಆ ನೋಟ್‌ಬುಕ್ ನೋಡಿ ಡಾಕ್ಟರ್ ಹೇಳಬೇಕಾದ ಮಾತು. ಇನ್‌ಹೇಲರ್ ಕೊಟ್ಟರೂ ಉಬ್ಬಸ ಇಳಿಯದೆ, ಮಾತಾಡಲು ಕಷ್ಟಪಡುತ್ತಾ, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಎಳೆದುಕೊಳ್ಳುತ್ತಿದ್ದರೆ ಕಿಟಕಿ ಬಾಗಿಲಿನ ಯೋಚನೆ ಬಿಟ್ಟು ತಕ್ಷಣ ಆಸ್ಪತ್ರೆಗೆ ಹೊರಡಿ.